ತಲೆಯಾಡಿಸಲೊಂದು ಕ್ಯಾಮೆರಾ

ಮನೆಯಲ್ಲೂ ಆಫೀಸಿನಲ್ಲೂ ತಲೆಯಾಡಿಸಿಯೇ ಪಳಗಿದವನು ನಾನು. ಆ ವಿದ್ಯೆಯನ್ನು ಕಂಪ್ಯೂಟರಿನ ವಿಮಾನದಾಟಕ್ಕೂ ಬಳಸೋಣವೆಂದು ಹೊರಟೆ: ಕತ್ತು ಎಡಕ್ಕೆ ತಿರುಗಿಸಿದರೆ ಪರದೆಯಲ್ಲಿ ಎಡರೆಕ್ಕೆ ಕಾಣಬೇಕು. ಕತ್ತಿನ ಚಲನೆ ಗಮನಿಸಲು ಕ್ಯಾಮೆರಾ ಕೇಳಿದರೆ ಅಂಗಡಿಯವನು 4ಕೆ ಕ್ಯಾಮೆರಾ ತೋರಿಸಿದ. ನನ್ನ ಮುಖದ ಸುಕ್ಕೆಣಿಸಿ ಏನಾಗಬೇಕು ಸ್ವಾಮಿ? ಇಲ್ಲಿ ಬೇಕಾದ್ದು ವೇಗ. 2007ರ ಪ್ಲೇಸ್ಟೇಷನ್ ಐ ಎಂಬ ಕ್ಯಾಮೆರಾ ಅಜ್ಜ 640×480ರಲ್ಲೇ ಸೆಕೆಂಡಿಗೆ 60 ಚಿತ್ರ ಹಿಡಿಯುತ್ತಾನೆ. ಅವನೊಳಗಿನ ಇನ್‌ಫ್ರಾರೆಡ್ ತಡೆಯುವ ಗಾಜು ಕಿತ್ತು, ಅವನಿಗೆ ಇನ್‌ಫ್ರಾರೆಡ್ ಬೆಳಕಷ್ಟೇ ಕಾಣಲೆಂದು ಹಳೇ ಫ್ಲಾಪಿಯ ಕಪ್ಪು ತಟ್ಟೆ ಕತ್ತರಿಸಿ ಅಡ್ಡವಿಟ್ಟು, ಟೋಪಿಗೆ ಮೂರು ಇನ್‌ಫ್ರಾರೆಡ್ ಎಲ್‌ಇಡಿ ಸಿಕ್ಕಿಸಿ ಕೂತೆ. “ಏನ್ರೀ, ಮತ್ತೆ ಬಾಸಿಂಗ ಕಟ್ಕೊಂಡ್ರಾ?” ಎಂದಳು ಹೆಂಡತಿ. ತಲೆಯಾಡಿಸಿದೆ, ಕಾಕ್‌ಪಿಟ್ಟೂ ತಲೆಯಾಡಿಸಿತು. ಕೊಳ್ಳುವವರಿಗೆ ಒಂದೇ ಮಾತು: ಮೆಗಾಪಿಕ್ಸೆಲ್ ಬಿಡಿ, ಸೆಕೆಂಡಿಗೆ ಎಷ್ಟು ಚಿತ್ರ ಅಂತ ಕೇಳಿ.