ಸೂಪರ್ ಬಿಲ್ಟಪ್ ವಾನಪ್ರಸ್ಥ

ಬೆಂಗಳೂರಿನಲ್ಲಿ ಮನೆ ಹಳೆಯದಾದಷ್ಟೂ ಅದರ ಬೆಲೆ ಇಳಿಯುತ್ತದೆ, ಅದರಡಿಯ ಸೈಟಿನ ಬೆಲೆ ಏರುತ್ತದೆ. ಇವೆರಡರ ಮಧ್ಯೆ ವಾಸವಾಗಿರುವ ಯಜಮಾನರ ಬೆಲೆ ಎಷ್ಟೆಂದು ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯೂ ಹೇಳುವುದಿಲ್ಲ.

ಜಯನಗರದ ರಾಯರನ್ನೇ ತೆಗೆದುಕೊಳ್ಳಿ. (ಇಂಥ ರಾಯರು ಪ್ರತಿ ಬ್ಲಾಕಿನಲ್ಲೂ ಇದ್ದಾರೆ, ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ.) ಬಿಡಿಎ ಹುಟ್ಟಿದ್ದು 1976ರಲ್ಲಿ. ರಾಯರದ್ದು ಅದಕ್ಕೂ ಹಿಂದಿನ ಸಿಐಟಿಬಿ ಕಾಲದಲ್ಲಿ ಅವರ ತಂದೆಗೆ ಸಿಕ್ಕಿದ ಫಾರ್ಟಿ ಸಿಕ್ಸ್ಟಿ ಸೈಟು. ಮಗ ಟೆಕ್ಸಾಸಿನಲ್ಲಿ, ಮಗಳು ನ್ಯೂಜೆರ್ಸಿಯಲ್ಲಿ. ಭಾನುವಾರದ ವಿಡಿಯೋ ಕಾಲಿನಲ್ಲಿ ಇಬ್ಬರದೂ ಒಂದೇ ಪಲ್ಲವಿ: "ಅಪ್ಪಾ, ಇಬ್ಬರಿಗೆ ಇಷ್ಟು ದೊಡ್ಡ ಮನೆ ಯಾಕೆ? ಕೊಟ್ಟುಬಿಡಿ, ಕನಕಪುರ ರಸ್ತೆಯಲ್ಲೊಂದು ಟೂ ಬಿಎಚ್‌ಕೆ ತಗೊಳ್ಳಿ, ಆರಾಮಾಗಿರಿ." ಅಪ್ಪನ ಬಿಪಿ ಮಾತ್ರೆ ಬೆಳಿಗ್ಗೆಯದೋ ರಾತ್ರಿಯದೋ ಮಗನಿಗೆ ಗೊತ್ತಿಲ್ಲ, ಕ್ಯಾಪಿಟಲ್ ಗೇನ್ಸ್ ತೆರಿಗೆ ಉಳಿಸುವ ಸೆಕ್ಷನ್ 54 ಮಾತ್ರ ಬಾಯಿಪಾಠ.

ಮಗಳು ಮರೀ ಕೊಂಡೊ ಪುಸ್ತಕವನ್ನೇ ಕಳಿಸಿದಳು. ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿಯಬೇಕಂತೆ, ಮನಸ್ಸು ಅರಳಿದರೆ ಇಟ್ಟುಕೊಳ್ಳಬೇಕಂತೆ, ಇಲ್ಲವಾದರೆ ಥ್ಯಾಂಕ್ಸ್ ಹೇಳಿ ಸಾಗಹಾಕಬೇಕಂತೆ. ಒರಳುಕಲ್ಲನ್ನು ಕೈಯಲ್ಲಿ ಹಿಡಿಯುವ ಬಗೆ ಪುಸ್ತಕದಲ್ಲಿಲ್ಲ. ಮೂರನೇ ಮಗುವಾದ ಮೇಲೆ ಅಚ್ಚುಕಟ್ಟನ್ನು ಹೆಚ್ಚುಕಡಿಮೆ ಕೈಬಿಟ್ಟೆ ಎಂದು ಆ ಕೊಂಡೊ ತಾಯಿಯೇ 2023ರಲ್ಲಿ ಒಪ್ಪಿಕೊಂಡದ್ದು ನ್ಯೂಜೆರ್ಸಿಗೆ ಇನ್ನೂ ತಲುಪಿದ ಹಾಗಿಲ್ಲ.

ಅಟ್ಟದಿಂದ ಮೊದಲು ಇಳಿದದ್ದು ಮದುವೆಯ ಪಾತ್ರೆಗಳು. ಸ್ಟೀಲ್ ಲೋಟ, ಡಬರಿ, ಕೊಳಗಗಳ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅಕ್ಷರ: ಕೊಟ್ಟವರ ಹೆಸರು, ಊರು, ತಾರೀಕು. ಸೋದರತ್ತೆ ಕೊಟ್ಟ ಕೊಳಗದಲ್ಲಿ ಹೆಸರು ದೊಡ್ಡದು, ಕೊಳಗ ಚಿಕ್ಕದು. ಮಗಳಿಗೆ ಫೋಟೋ ಹೋಯಿತು. ಕೆಂಪು ಹೃದಯ ಬಂತು, "ಸೋ ಕ್ಯೂಟ್" ಬಂತು, "ನನಗಿರಲಿ" ಬರಲಿಲ್ಲ. ತಾಯಿಯಿಂದ ಮಗಳಿಗೆ ಇಳಿದುಬರಬೇಕಾದ ಪಟ್ಟದ ಗೊಂಬೆಗಳಿಗೂ ವಿಮಾನದ 23 ಕಿಲೋದಲ್ಲಿ ಜಾಗವಿಲ್ಲ. ಅದೆಲ್ಲ ಚಟ್ನಿಪುಡಿಗೆ ಮೀಸಲು.

ಮಗನ ಅಪ್ಪಣೆ ಇನ್ನೂ ಸರಳ: "ಹಳೇದೆಲ್ಲ ಎಸೀರಿ. ನನ್ನ ರೂಮು ಮಾತ್ರ ಮುಟ್ಟಬೇಡಿ." ಆ ರೂಮಿನಲ್ಲಿರುವುದು ಒಂದು ತುಕ್ಕು ಹಿಡಿದ ಮಿನಿ ಡ್ರಾಫ್ಟರು, ನಾಲ್ಕು ಸೆಮಿಸ್ಟರಿನ ಲ್ಯಾಬ್ ರೆಕಾರ್ಡು, ಹಿಡಿ ಬಿಚ್ಚಿದ ಕ್ರಿಕೆಟ್ ಬ್ಯಾಟು. ಅಪ್ಪನಿಗೆ ವೈರಾಗ್ಯ ಬೋಧಿಸುವ ಈ ಮಹಾನುಭಾವ, ತನ್ನ ಗ್ಯಾರೇಜಿನಲ್ಲಿ ಹಿಡಿಸದ್ದಕ್ಕೆ ಅಲ್ಲಿ ತಿಂಗಳ ಬಾಡಿಗೆಗೆ ಬೇರೆ ಗೋದಾಮು ಹಿಡಿದಿದ್ದಾನೆ.

ದೇವರುಗಳದ್ದು ಸಲೀಸಾಗಿ ಮುಗಿಯಿತು. ಕಟ್ಟು ಬಿಚ್ಚಿದ, ಗಾಜು ಒಡೆದ ಪಟಗಳೆಲ್ಲ ಬೀದಿಕೊನೆಯ ಅರಳಿಕಟ್ಟೆಗೆ ಹೋದವು. ಬೆಂಗಳೂರಿನ ಅರಳಿಕಟ್ಟೆಗಳೆಂದರೆ ಈಗ ದೇವರ ವೃದ್ಧಾಶ್ರಮಗಳು; ಒಂದೇ ಅನುಕೂಲ, ಡಿಪಾಸಿಟ್ ಕೇಳುವುದಿಲ್ಲ.

ಉಳಿದದ್ದು ತಾಮ್ರದ ಹಂಡೆ. "ರೀ, ಅಳಿಯಂದಿರಿಗೆ ಮೊದಲ ದೀಪಾವಳಿಗೆ ನೀರು ಕಾಯಿಸಿದ್ದು ಇದರಲ್ಲೇ" ಎಂದು ಅಮ್ಮಾವರು ಅಡ್ಡ ನಿಂತರು. ಹೊಸ ಫ್ಲ್ಯಾಟಿನ ಬಚ್ಚಲಿನ ಬಾಗಿಲಲ್ಲಿ ಹಂಡೆ ಹೋಗುವುದಿಲ್ಲ, ಅಮ್ಮಾವರೇ ಕಷ್ಟ. ಗುಜರಿಯವನು ತಲೆಕೆಳಗು ಮಾಡಿ ತೂಗಿದ, ತಳದ ಮಸಿಗೆಂದು ಒಂದು ಕಿಲೋ ಕಳೆದ, ಕೈಗೆ ನೋಟು ತುರುಕಿ ಆಟೋಗೆ ಹೇರಿಕೊಂಡು ಹೋದ.

ಫ್ಲ್ಯಾಟು ಸಾವಿರದ ಇನ್ನೂರು ಚದರಡಿ ಎಂದಿತ್ತು ಬ್ರೋಷರ್. ಹೋಗಿ ನೋಡಿದರೆ ಮಂಚ, ಬೀರು ಇಟ್ಟ ಮೇಲೆ ರಾಯರು ಅಡ್ಡಡ್ಡ ನಡೆಯಬೇಕು. ಮಿಕ್ಕದ್ದೆಲ್ಲಿ? ಸೂಪರ್ ಬಿಲ್ಟಪ್ಪಿನಲ್ಲಿ. ಅಂದರೆ ಮೆಟ್ಟಿಲು, ಲಿಫ್ಟು, ಲಾಬಿ, ಇನ್ನೂ ಕಟ್ಟದ ಕ್ಲಬ್‌ಹೌಸು, ಎಲ್ಲದರಲ್ಲೂ ಅವರ ಪಾಲಿದೆ, ದುಡ್ಡು ಕೊಟ್ಟಾಗಿದೆ. ಕಾರ್ಪೆಟ್ ಏರಿಯಾ ಹೇಳಲೇಬೇಕೆಂದು 2016ರ ರೇರಾ ಕಾಯ್ದೆ ಗದರಿಸಿದ್ದರಿಂದ ಅದನ್ನೂ ಹೇಳಿದ್ದರು, ರಾಯರ ಕನ್ನಡಕಕ್ಕೆ ನಿಲುಕದ ಅಕ್ಷರದಲ್ಲಿ.

ಗೃಹಪ್ರವೇಶವಾದ ಕೆಲವೇ ತಿಂಗಳಿಗೆ ಲಾಬಿಗೆ ಇಂಟೀರಿಯರ್ ಡಿಸೈನರ್ ಬಂದರು. ಸಂಪ್ರದಾಯದ ಟಚ್ ಬೇಕೆಂದು ಒಂದು ತಾಮ್ರದ ಹಂಡೆ ತರಿಸಿ, ಹುಣಸೆಹಣ್ಣು ಹಾಕಿ ಬೆಳಗಿಸಿ, ಮನಿಪ್ಲಾಂಟ್ ನೆಟ್ಟರು. ಆ್ಯಂಟಿಕ್ ಅಂತೆ, ಗುಜರಿ ದರದ ಎಷ್ಟೋ ಪಟ್ಟು ಬಿಲ್ಲಾಗಿ ಮೆಂಟೆನೆನ್ಸಿಗೆ ಸೇರಿತು. ಅಮ್ಮಾವರು ಸುತ್ತ ಒಂದು ಪ್ರದಕ್ಷಿಣೆ ಬಂದು, ಕಿವಿಯ ಬಳಿ ಮಾವನವರ ಇನಿಷಿಯಲ್ ಓದಿ, "ರೀ, ನಮ್ಮದೇ" ಎಂದರು. ಸೆಕ್ಯುರಿಟಿಯವನು ಓಡಿ ಬಂದ: "ಅಮ್ಮಾ, ಕಾಮನ್ ಏರಿಯಾ ಸಾಮಾನು ಮುಟ್ಟಬಾರದು."

ರಾಯರು ಸುಮ್ಮನಿರಲಿಲ್ಲ. ಲಾಬಿಯಲ್ಲಿ ತಮ್ಮ ಪಾಲಿರುವುದರಿಂದ ಹಂಡೆಯಲ್ಲಿಯೂ ನೂರೆಂಬತ್ತನೇ ಒಂದು ಪಾಲು ತಮ್ಮದೆಂದೂ, ನೀರು ತುಂಬುವ ಹಬ್ಬದ ಸಂಜೆಗೆ ಅದನ್ನು ಬಿಟ್ಟುಕೊಡಬೇಕೆಂದೂ ಅಸೋಸಿಯೇಷನ್ನಿಗೆ ಅರ್ಜಿ ಬರೆದರು. ಉತ್ತರ ಬಂದಿದೆ: ಹಬ್ಬದ ದಿನ ನಿವಾಸಿಗಳು ಹಂಡೆಯ ಮುಂದೆ ಸೆಲ್ಫಿ ತೆಗೆದುಕೊಳ್ಳಬಹುದು, ನೀರು ತುಂಬುವಂತಿಲ್ಲ, ಟ್ಯಾಂಕರ್ ಬರುವುದು ಮಂಗಳವಾರ.