ಚಪ್ಪಲಿ ಬಿಟ್ಟು ಬನ್ನಿ ಕಳ್ಳರೇ

ತಾಮ್ರಕ್ಕೆ ಬೆಲೆ ಬಂದಷ್ಟೂ ನಮ್ಮ ತಿಪಟೂರು ಸೀಮೆಯ ಬೋರ್‌ವೆಲ್‌ಗಳಿಗೆ ಕಷ್ಟಕಾಲ. ಸ್ಟಾರ್ಟರ್ ಪೆಟ್ಟಿಗೆಯಿಂದ ಕೊಳವೆಬಾವಿಯ ಬಾಯಿತನಕ ಇರುವ ಕೇಬಲನ್ನು ರಾತ್ರೋರಾತ್ರಿ ಕತ್ತರಿಸಿ, ಹಳ್ಳದಲ್ಲಿ ಸುಟ್ಟು, ತಾಮ್ರ ಒಯ್ದು, ಬೂದಿಯನ್ನು ಮಾತ್ರ ಪ್ರಾಮಾಣಿಕವಾಗಿ ನಮಗೇ ಬಿಟ್ಟುಹೋಗುತ್ತಾರೆ. ಅದಕ್ಕೇ ಮಲೆನಾಡಿನವರು ಕಾಡುಹಂದಿಗೆ ಹಾಕುವ ಸೋಲಾರ್ ಬೇಲಿಯನ್ನು ನಾನು ಬೋರಿನ ಸುತ್ತ ಹಾಕಿಸಿದೆ.

ಹಾಕಿಸಿದ್ದು ಊರಿಗೆ ತಿಳಿಯಬೇಡವೇ? ಅಕ್ಕಪಕ್ಕದ ತೋಟದವರನ್ನೆಲ್ಲ ಕರೆದೆ. ಮಶೀನು ಕೂರಿಸಿದ ಹುಡುಗ, ‘12 ವೋಲ್ಟಿನ ಬ್ಯಾಟರಿ, ಆದ್ರೆ ತಂತಿಗೆ ಹೋಗೋದು ಎಂಟೊಂಬತ್ತು ಸಾವಿರ ವೋಲ್ಟು. ಸೆಕೆಂಡಿಗೊಂದು ಏಟು. ಒಂದೊಂದು ಏಟೂ ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಇರಲ್ಲ. ಒದೆಯುತ್ತೆ, ಕೊಲ್ಲಲ್ಲ’ ಎಂದ. ನಾನು ಮನೆದೇವರನ್ನು ನೆನೆದು, ಕಣ್ಣು ಮುಚ್ಚಿ, ಕಿರುಬೆರಳಿನಿಂದ ತಂತಿ ಮುಟ್ಟಿದೆ.

ಏನೂ ಆಗಲಿಲ್ಲ.

ಹೆಬ್ಬೆರಳಿಟ್ಟೆ. ಅಂಗೈಯಿಟ್ಟೆ. ಮಶೀನು ‘ಟಕ್ ಟಕ್’ ಎನ್ನುತ್ತಲೇ ಇತ್ತು, ನಾನು ನಿಂತೇ ಇದ್ದೆ. ನೆರೆದವರಲ್ಲಿ ಯಾರೋ ಕೆಮ್ಮಿದರು. ‘ಕರೆಂಟ್ ಹೋಗಿರ್ಬೇಕು ಬಿಡಪ್ಪ’ ಎಂದರು ಪಕ್ಕದ ತೋಟದ ಮಾವ. ಅವರು ಆಗಷ್ಟೇ ನೀರು ಕಟ್ಟಿ ಬರಿಗಾಲಲ್ಲಿ, ಕೆಸರು ಮೆತ್ತಿಕೊಂಡು ಬಂದಿದ್ದರು. ‘ಇದಕ್ಕೆ ಕರೆಂಟೇ ಬೇಡ ಮಾವ, ಬಿಸಿಲು ಸಾಕು’ ಎಂದು ವಿಜ್ಞಾನ ಬೋಧಿಸುತ್ತಾ, ಒಂದು ಕೈ ತಂತಿಯ ಮೇಲೆ ಹಾಗೇ ಇಟ್ಟುಕೊಂಡು, ಇನ್ನೊಂದನ್ನು ಆತ್ಮೀಯವಾಗಿ ಅವರ ಹೆಗಲ ಮೇಲಿಟ್ಟೆ.

ಏಟು ನನ್ನನ್ನು ಹಾದು ಮಾವನಿಗಿಳಿದು, ಮಾವನ ಕಾಲಿನಿಂದ ಭೂತಾಯಿಯನ್ನು ಸೇರಿತು. ಅಷ್ಟು ಹೊತ್ತೂ ನನ್ನನ್ನು ಕಾದದ್ದು ಕಾಲಲ್ಲಿದ್ದ ಹವಾಯಿ ಚಪ್ಪಲಿ. ಇಬ್ಬರೂ ಜೋಡಿಯಾಗಿ ಹಾರಿದೆವು. ಮಾವನ ಟವೆಲ್ಲು ತಂತಿಯ ಮೇಲೆ ಬಿತ್ತು; ಅದನ್ನು ತೆಗೆಯಲು ಒಬ್ಬರೂ ಮುಂದೆ ಬರಲಿಲ್ಲ. ಮಾವ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ‘ರೀ, ಅಪಾಯ ಅಂತ ಬೋರ್ಡ್ ಹಾಕ್ತೀರಲ್ಲ, ಕೆಳಗೆ ಚಪ್ಪಲಿ ಹೊರಗೆ ಬಿಡಿ ಅಂತಲೂ ಬರೆಸಿ’ ಎಂದಳು ನನ್ನವಳು.

ಎಲ್ಲರೂ ನಕ್ಕರು. ಮಾವನ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು. ಬ್ಯಾಟರಿಯ ಏಟಿಗೇ ಈ ಗತಿ; ಕಂಬದ ಲೈನಿಗೇ ಕೊಕ್ಕೆ ಹಾಕಿ ಬೇಲಿಗೆ ಬಿಡುವವರೂ ಇದ್ದಾರೆ. ಆ ಕರೆಂಟು ಒದ್ದು ಬಿಡುವುದಿಲ್ಲ, ಹಿಡಿದುಕೊಳ್ಳುತ್ತದೆ. ಆನೆ ಸತ್ತಿವೆ, ದನ ಸತ್ತಿವೆ, ಬೆಳಗಿನ ಜಾವ ನೀರು ಕಟ್ಟಲು ಹೋದ ಮನೆಯವರೇ ಸತ್ತಿದ್ದಾರೆ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಕೊಕ್ಕೆ ಹಾಕುವುದೇ ಕಳವು; ಅಂದರೆ ಕಳ್ಳನಿಗೆಂದು ಹಾಕಿದ ಬೇಲಿಗೆ ಕದ್ದ ಕರೆಂಟು!

ನನಗೆ ಸಿಟ್ಟು ಬರುವುದು ಗುಜರಿ ಅಂಗಡಿಗಳ ಮೇಲೆ. ಸುಟ್ಟ ತಾಮ್ರವನ್ನು ಯಾವ ರೈತನೂ ಹೊಲದಲ್ಲಿ ಬೆಳೆಯುವುದಿಲ್ಲ. ಕಪ್ಪು ಹಿಡಿದ ತಂತಿಯ ಉಂಡೆ ತಕ್ಕಡಿಗೆ ಬಿದ್ದಾಗ, ‘ಎಲ್ಲಿಂದ ತಂದೆಯಪ್ಪಾ?’ ಎಂದು ಒಂದು ಮಾತು ಕೇಳಿದರೆ ಗಂಟೇನು ಹೋಗುತ್ತದೆ?

ಕೆಲ ದಿನ ಮುನಿಸಿಕೊಂಡಿದ್ದ ಮಾವ ಮೊನ್ನೆ ಬೇಲಿಯಿಂದ ಮಾರು ದೂರದಲ್ಲೇ ನಿಂತು ಕೂಗಿದರು: ‘ನಿನ್ನ ಬೇಲಿ ತಗೊಂಡು ಹೋಗಿ ಆ ಗುಜರಿಯವನ ತಕ್ಕಡಿಗೆ ಸುತ್ತೋ!’

‘ಅವನು ಚಪ್ಪಲಿ ಬಿಟ್ಟು ಕೂತಿದ್ದನ್ನ ನಾನಂತೂ ನೋಡಿಲ್ಲ ಮಾವ’ ಎಂದೆ.