ನಿಮ್ಮನೇಲಿ ಬಂತಾ?

ನಮ್ಮ ಬೀದಿಯಲ್ಲಿ ಬೆಳಗಾಗುವುದೇ ಕರ್ತೃಪದವಿಲ್ಲದ ಒಂದು ಪ್ರಶ್ನೆಯಿಂದ: ‘ಬಂತಾ?’ ಏನು ಬಂತು ಅಂತ ಯಾರೂ ತಿರುಗಿ ಕೇಳುವುದಿಲ್ಲ. ಬೇಸಿಗೆಯಲ್ಲಿ ಕೇಳಿದರೆ ನಲ್ಲಿ ನೀರು, ಮಳೆಗಾಲದಲ್ಲಿ ಕೇಳಿದರೆ ಕರೆಂಟು, ತಿಂಗಳ ಮೊದಲ ವಾರ ಕೇಳಿದರೆ ಪಿಂಚಣಿ, ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಕೇಳಿದರೆ ಗಂಡಿನ ಕಡೆಯವರ ಉತ್ತರ. ಕೇಳಿದವರ ಮುಖ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ. ಆದರೂ ಮೊನ್ನೆ ನಾನು ಎಡವಿದೆ. ದಾಸವಾಳ ಬಿಡಿಸುತ್ತಿದ್ದೆ, ಪಕ್ಕದ ಮನೆ ಮೇಷ್ಟ್ರು ಕಾಂಪೌಂಡಿನ ಮೇಲೆ ಎರಡೂ ಮೊಣಕೈ ಊರಿ, ‘ನಿಮ್ಮನೇಲಿ ಬಂತೇನಮ್ಮಾ?’ ಅಂದರು. ‘ಐದೂವರೆಗೇ ಬಂತಲ್ಲ ಮೇಷ್ಟ್ರೇ, ಸಂಪು ತುಂಬಿದ್ದೂ ಆಯ್ತು’ ಅಂದೆ. ‘ನೀರಲ್ಲ ಕಣಮ್ಮ, ನೆಟ್ಟು!’

ಇದರಲ್ಲಿ ತಮಾಷೆ ಏನು ಅಂದರೆ, ಮೇಷ್ಟ್ರ ಮನೆಯಲ್ಲಿ ಕನೆಕ್ಷನ್ನೇ ಇಲ್ಲ. ಬರಬೇಕಾದದ್ದು ನಮ್ಮನೆಗೆ. ನಮಗೆ ಬಂದರೆ ಅವರಿಗೂ ಬಂದ ಹಾಗೆ. ಅದು ಹೇಗೆ ಅಂತ ಹೇಳ್ತೀನಿ ಇರಿ, ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ.

ಹಾಂ, ಎಲ್ಲಿದ್ದೆ? ನೆಟ್ಟು ಹೋಗಿತ್ತು. ಬೀದಿ ತುದಿಯಲ್ಲಿ ಮೋರಿ ಕೆಲಸ ಅಂತ ಜೆಸಿಬಿ ಬಂದಿತ್ತು. ಅದು ಬಂತು ಅಂದರೆ ಏನೋ ಒಂದು ಹೋಯಿತು ಅಂತಲೇ ಲೆಕ್ಕ, ಅಲ್ವಾ? ಈ ಸಲ ಅದರ ಹಲ್ಲಿಗೆ ಸಿಕ್ಕಿದ್ದು ಫೈಬರು. ನಾನು ಅದನ್ನು ತಂತಿ ಅಂತಲೇ ತಿಳಿದಿದ್ದೆ. ತಂತಿಯಲ್ಲವಂತೆ, ಕೂದಲೆಳೆಯಷ್ಟು ಸಣ್ಣ ಗಾಜಂತೆ, ಅದರೊಳಗೆ ಓಡುವುದು ಬೆಳಕಂತೆ. ಆ ಬೆಳಕು ನಮ್ಮನೆವರೆಗೆ ತಲುಪದೇ ಹೋದರೆ ಡಬ್ಬಿಯಲ್ಲಿ ‘ಎಲ್‌ಓಎಸ್’ ಅಂತ ಬರೆದಿರುವ ಕಡೆ ಕೆಂಪು ದೀಪ ಹತ್ತುತ್ತದೆ. ಫೋನ್ ಮಾಡಿದರೆ ಕೇಬಲ್ ಹುಡುಗ ಹಲೋ ಅನ್ನುವುದಕ್ಕೂ ಮುಂಚೆ ಕೇಳುವುದು ಅದನ್ನೇ: ‘ಆಂಟೀ, ರೆಡ್ ಬರ್ತಿದ್ಯಾ?’

ಮೊದಲ ವರ್ಷ ಈ ಕೆಂಪು ನನಗೆ ಗೊತ್ತಿರಲಿಲ್ಲ. ಆಯುಧಪೂಜೆ ದಿನ ಈಳಿಗೆಮಣೆ, ಮಿಕ್ಸಿ, ಸ್ಕೂಟರು ಎಲ್ಲಕ್ಕೂ ಕುಂಕುಮ ಇಟ್ಟ ಮೇಲೆ ಡಬ್ಬಿಗೂ ಒಂದು ಬೊಟ್ಟಿಟ್ಟು, ಮೇಲೊಂದು ಸೇವಂತಿಗೆ ಏರಿಸಿದೆ. ಸಂಜೆ ಕೇಬಲ್ ಹುಡುಗ ರೆಡ್ ಬರ್ತಿದ್ಯಾ ಅಂದರೆ, ‘ಬರ್ತಾ ಇದೆ, ನಾನೇ ಇಟ್ಟಿದ್ದು’ ಅಂದೆ! ಆ ಹುಡುಗ ಇವತ್ತಿಗೂ ನನ್ನ ಕಂಡರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ.

ಇನ್ನು ಡಬ್ಬಿಯ ಹೆಸರು. ಕೇಬಲ್ ಹುಡುಗ ‘ರೂಟರ್’ ಅಂತಾನೆ, ಬೆಂಗಳೂರಿನಲ್ಲಿರುವ ಅಕ್ಕನ ಮಗ ‘ರೌಟರ್’ ಅಂತಾನೆ. ಇಂಗ್ಲೆಂಡಿನವರದು ಒಂದು ರಾಗ, ಅಮೆರಿಕದವರದು ಇನ್ನೊಂದು ರಾಗವಂತೆ. ನಮ್ಮತ್ತೆಯವರು ಎರಡನ್ನೂ ಬಿಟ್ಟು ‘ಲೈಟಿನ ಡಬ್ಬಿ’ ಅಂದರು. ನಾನೂ ಅದನ್ನೇ ಹಿಡಿದೆ. ಅತ್ತೆಗೆ ನಾನು ಎದುರಾಡದ ವಿಷಯಗಳಲ್ಲಿ ಇದೂ ಒಂದು ಅನ್ನಿ.

ಡಬ್ಬಿಯನ್ನು ಎಲ್ಲಿಡಬೇಕು ಅನ್ನುವುದೇ ಮನೆಯಲ್ಲಿ ಒಂದು ರಾಮಾಯಣವಾಯಿತು. ಹುಡುಗ ಟಿವಿ ಹಿಂದೆ ಸಿಕ್ಕಿಸಿ ಹೋದ. ನಾನು ಅದಕ್ಕೆ ಕ್ರೋಶಾದಲ್ಲಿ ಒಂದು ಕವರು ಹೆಣೆದು ಹೊದಿಸಿದೆ. ನಗಬೇಡಿ, ನಿಮ್ಮನೇಲೂ ಫೋನಿಗೆ, ರೇಡಿಯೋಗೆ, ಟಿವಿಗೆ ಹೊದಿಸಿದವರೇ ಅಲ್ವಾ? ಒಂದು ವಾರಕ್ಕೆ ಡಬ್ಬಿ ಇಸ್ತ್ರಿ ಪೆಟ್ಟಿಗೆ ಹಾಗೆ ಕಾದು ಕೂತಿತು. ಕವರು ತೆಗೆದು ಬೀರುವಿನ ಮೇಲಿಟ್ಟೆವು. ಎತ್ತರವೇನೋ ಸಿಕ್ಕಿತು. ಆದರೆ ಬೀರು ಉಕ್ಕಿನದು, ಅದರ ಬೆನ್ನಿಗಿರುವ ಕೋಣೆಯಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ಕಬ್ಬಿಣ, ಕಾಂಕ್ರೀಟು, ನೀರಿನ ಟ್ಯಾಂಕು ಯಾವುದೂ ಈ ಅಲೆಗಳಿಗೆ ಆಗಿಬರುವುದಿಲ್ಲವಂತೆ. ಕೊನೆಗೆ ನಡುಮನೆಯ ಗೋಡೆಗೆ ತಲೆಯೆತ್ತರಕ್ಕಿಂತ ಮೇಲೆ, ಮಾವನವರ ಫೋಟೋ ಪಕ್ಕ ಮೊಳೆ ಹೊಡೆದಾಯಿತು. ಈಗ ಎಲ್ಲ ಕೋಣೆಗೂ ಬರುತ್ತದೆ. ನಮ್ಮೆಜಮಾನರು ಸಿಗ್ನಲ್ ಹುಡುಕಿಕೊಂಡು ಆ ಕಡೆ ಮುಖ ಎತ್ತಿ ನಿಂತಾಗ ನೋಡಿದವರು, ಎಂಥ ಪಿತೃಭಕ್ತಿ ಅಂದುಕೊಳ್ಳುತ್ತಾರೆ.

ಸೆಟ್ಟಿಂಗ್ ಮಾಡಿಸಿದ್ದು ಅಕ್ಕನ ಮಗ, ಫೋನಿನಲ್ಲೇ. ‘ಚಿಕ್ಕಮ್ಮ, ಒಂದು ತೊಂಬತ್ತೆರಡು ಚುಕ್ಕಿ, ಒಂದು ಅರವತ್ತೆಂಟು ಚುಕ್ಕಿ, ಒಂದು ಚುಕ್ಕಿ, ಒಂದು ಅಂತ ಹೊಡಿ’ ಅಂದ. ರಂಗೋಲಿ ಹೇಳಿಕೊಟ್ಟ ಹಾಗೆ ಹೇಳಿದ. 192.168.1.1. ಈ ವಿಳಾಸ ನಮ್ಮನೆಯದೊಂದೇ ಅಲ್ಲವಂತೆ. ಲೋಕದಲ್ಲಿ ಎಷ್ಟೋ ಮನೆಗಳ ಡಬ್ಬಿಗೆ ಇದೇ ವಿಳಾಸ, ಅದು ಮನೆಯೊಳಗೆ ಮಾತ್ರ ನಡೆಯುವ ನಾಣ್ಯ. ಮನೆಯಲ್ಲಿ ಎಲ್ಲರೂ ‘ಅಮ್ಮಾ’ ಅಂತ ಕೂಗಿದರೆ ನಾನು ತಿರುಗುವುದಿಲ್ಲವಾ, ಹಾಗೆ. ಮತ್ತೆ ಒಳಗೆ ಹೋಗಲು ಹೆಸರು ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಅದೂ ಡಬ್ಬಿಯ ಅಡಿಯಲ್ಲಿ ಚೀಟಿ ಅಂಟಿಸಿ ಬರೆದೇ ಇತ್ತು. ಬೀಗದ ಕೈಯನ್ನು ಬೀಗಕ್ಕೇ ಕಟ್ಟಿ ಕೊಟ್ಟ ಹಾಗೆ!

ಅದನ್ನು ನೋಡಿದ ಕೂಡಲೇ ನನಗೆ ನೆನಪಾಗಿದ್ದು ನಮ್ಮಪ್ಪನ ಫೋನು. ಕರಿ ಫೋನು, ಬೆರಳು ಹಾಕಿ ತಿರುಗಿಸುವ ಡಯಲು. ಬಿಲ್ಲು ಏರುತ್ತದೆ ಅಂತ ಅಪ್ಪ ಡಯಲಿನ ತೂತಿಗೆ ಒಂದು ಪುಟಾಣಿ ಬೀಗ ಜಡಿದು, ಕೈಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ನನ್ನ ಅಣ್ಣ ಡಯಲಿನ ಗೊಡವೆಗೇ ಹೋಗುತ್ತಿರಲಿಲ್ಲ. ರಿಸೀವರ್ ಇಡುವ ಗುಬುಟನ್ನು ಟಕಟಕ ಒತ್ತುವನು. ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಸಲೀಸಾಗಿ ಫೋನು ಹೋಗುತ್ತಿತ್ತು. ತಿಂಗಳ ಕೊನೆಗೆ ಬಿಲ್ಲು ಬಂದಾಗ ಅಪ್ಪ ಬೀಗವನ್ನು ಜಗ್ಗಿ ಜಗ್ಗಿ ನೋಡುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ನಾನು ಆ ‘ಅಡ್ಮಿನ್’ ಅನ್ನು ಅವತ್ತೇ ಬದಲಾಯಿಸಿದೆ. ಅಣ್ಣಂದಿರು ಎಲ್ಲ ಕಾಲದಲ್ಲೂ ಇರುತ್ತಾರೆ.

ಆಮೇಲೆ ವೈಫೈಗೆ ನಾಮಕರಣ. ಮನೆ ಮುಂದಿನ ಕಲ್ಲಿನಲ್ಲಿ ಕೆತ್ತಿಸಿರುವ ಹಾಗೆ ‘ಶ್ರೀ ಮಂಜುನಾಥ ನಿಲಯ’ ಅಂತಲೇ ಕನ್ನಡದಲ್ಲಿ ಹಾಕಬೇಕು ಅನ್ನುವುದು ನನ್ನ ಹಟ. ಡಬ್ಬಿ ಒಪ್ಪಲಿಲ್ಲ. ‘ಹೆಸರಿಗೆ 32 ಬೈಟಿನ ಮಿತಿ ಚಿಕ್ಕಮ್ಮ. ಇಂಗ್ಲಿಷ್ ಅಕ್ಷರಕ್ಕೆ ಒಂದೊಂದೇ ಬೈಟು, ಕನ್ನಡಕ್ಕೆ ಮೂರು ಮೂರು’ ಅಂದ ಹುಡುಗ. ಅದೂ ಕೊಂಬು, ದೀರ್ಘ, ಸೊನ್ನೆ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ನಮ್ಮ ಒಂದು ‘ಶ್ರೀ’ಗೇ 12 ಹೋಯಿತು! ಪೂರ್ತಿ ಹೆಸರು 47 ಆಗುತ್ತದೆ. ನಿಲಯ ಬಿಟ್ಟು ‘ಶ್ರೀ ಮಂಜುನಾಥ’ ಅಂದರೆ 34. ಶ್ರೀ ಬಿಟ್ಟು ‘ಮಂಜುನಾಥ ನಿಲಯ’ ಅಂದರೂ 34. ಎರಡೇ ಎರಡು ಬೈಟು ಜಾಸ್ತಿ. ಟೆಲಿಗ್ರಾಂ ಆಫೀಸಿನಲ್ಲಿ ಪದ ಎಣಿಸಿ ‘ತಂದೆ ಸೀರಿಯಸ್ ಬಾ’ ಅಂತ ಇಳಿಸುತ್ತಿದ್ದರಲ್ಲ, ಹಾಗೆ ಇಳಿಸಿ ಇಳಿಸಿ ಕೊನೆಗೆ ಬರೀ ‘ಮಂಜುನಾಥ’ ಉಳಿದ. 21 ಬೈಟು. ದೇವರನ್ನು ಗೆಳೆಯನ ಹಾಗೆ ಕರೆದ ಪಾಪ ನನ್ನದಲ್ಲ, ಡಬ್ಬಿಯದು.

ಪಾಸ್‌ವರ್ಡು ಉದ್ದ ಇರಬೇಕು, ಆದರೆ ನಿನಗೆ ಮರೆಯಬಾರದು ಅಂದ. ಎಂಟು ಅಕ್ಷರಕ್ಕಿಂತ ಕಡಿಮೆ ಇದ್ದರೆ ಡಬ್ಬಿ ತೆಗೆದುಕೊಳ್ಳುವುದೇ ಇಲ್ಲ. ನನಗೆ ಈ ಜನ್ಮದಲ್ಲಿ ಮರೆಯದೇ ಇರುವುದು ಒಂದೇ: ನಮ್ಮಮ್ಮನ ಹುಳಿಪುಡಿ ಅಳತೆ. ಧನಿಯ ಇಷ್ಟು ಪಾವು, ಮೆಣಸಿನಕಾಯಿ ಇಷ್ಟು, ಮೆಂತ್ಯ ಇಷ್ಟು ಚಮಚ ಅಂತ ಉಸಿರು ಬಿಡದೆ ಜೋಡಿಸಿ ಒತ್ತಿದೆ. ‘ಇದನ್ನು ಯಾವ ಕಳ್ಳನೂ ಊಹಿಸಲಾರ’ ಅಂತ ಹುಡುಗ ಶಭಾಸ್ ಅಂದ.

ಸಂಕಟ ಬಂದದ್ದು ಆಮೇಲೆ. 2020ರಲ್ಲಿ ಸ್ಕೂಲುಗಳು ಮುಚ್ಚಿ ಪಾಠ ಎಲ್ಲ ಫೋನಿಗೆ ಬಂತಲ್ಲ, ಮೇಷ್ಟ್ರ ಮೊಮ್ಮಗಳಿಗೆ ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿದುಹೋಗುತ್ತಿತ್ತು. ಮಲೆನಾಡಿನ ಮಕ್ಕಳು ಸಿಗ್ನಲ್ಲಿಗೆ ಗುಡ್ಡ ಹತ್ತಿ ಕೊಡೆ ಹಿಡಿದು ಕೂತ ಕಾಲ ಅದು. ಮೇಷ್ಟ್ರು ಕಾಂಪೌಂಡಿನ ಹತ್ತಿರ ಬಂದು, ಎಂದೂ ಕೈ ಚಾಚದವರು, ‘ಪಾಸ್‌ವರ್ಡು ಏನಮ್ಮ?’ ಅಂದರು. ಕೊಡುವುದಿಲ್ಲ ಅನ್ನುವುದಕ್ಕೆ ಬಾಯಿ ಬರುತ್ತದಾ? ಆದರೆ ಕೊಟ್ಟರೆ ಹುಳಿಪುಡಿ ಅಳತೆ ಹೋಯಿತು! ಅವರ ಮನೆಯಾಕೆ ಹದಿನೈದು ವರ್ಷದಿಂದ ಕೇಳುತ್ತಿದ್ದಾರೆ, ನಾನು ಹದಿನೈದು ವರ್ಷದಿಂದ ‘ಕೈ ಅಂದಾಜು ರೀ’ ಅಂತ ಜಾರಿಕೊಳ್ಳುತ್ತಿದ್ದೇನೆ.

ಇಲ್ಲ ಅನ್ನಲಾರದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಾವು ಈ ಮನೆಗೆ ಬಂದಾಗ ಬೀದಿಗೆಲ್ಲ ಫೋನ್ ಇದ್ದದ್ದು ಮೇಷ್ಟ್ರ ಮನೆಯಲ್ಲಿ ಮಾತ್ರ. ನಮ್ಮ ಲಗ್ನಪತ್ರಿಕೆಗಳಲ್ಲಿ, ಅರ್ಜಿಗಳಲ್ಲಿ, ರೇಷನ್ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಎಲ್ಲ ಅವರ ನಂಬರೇ, ಪಕ್ಕದಲ್ಲಿ ‘ಪಿಪಿ’ ಅಂತ ಎರಡಕ್ಷರ. ಅದರ ಅರ್ಥ ‘ಪಕ್ಕದ ಮನೆ ಫೋನು’ ಅಂತಲೇ ನಾನು ಬಹಳ ಕಾಲ ತಿಳಿದಿದ್ದೆ. ರಾತ್ರಿ ಹನ್ನೊಂದಕ್ಕೆ ಟ್ರಂಕ್ ಕಾಲ್ ಬಂದರೂ ಮೇಷ್ಟ್ರು ಟಾರ್ಚ್ ಹಿಡಿದು ಬಂದು ಕಿಟಕಿ ತಟ್ಟುತ್ತಿದ್ದರು. ಒಂದು ದಿನ ‘ಥೂ’ ಅನ್ನಲಿಲ್ಲ. ಅಂಥವರಿಗೆ ಪಾಸ್‌ವರ್ಡಿಲ್ಲ ಅಂದರೆ ಮೇಲಿನ ಆ ಮಂಜುನಾಥ ಮೆಚ್ಚುತ್ತಾನಾ?

ಅಕ್ಕನ ಮಗನಿಗೆ ಹೇಳಿದರೆ ಅವನದು ಬೇರೆಯೇ ಭಯ. ‘ನಿಮ್ಮನೆ ಡಬ್ಬಿಯಿಂದ ಯಾರು ಏನೇ ಕಳಿಸಿದರೂ ಹೊರಗಿನವರಿಗೆ ಕಾಣುವುದು ನಿಮ್ಮನೆ ವಿಳಾಸ ಒಂದೇ ಚಿಕ್ಕಮ್ಮ’ ಅಂದ. ಹಾಸ್ಟೆಲಿನ ನೂರು ಹುಡುಗರಿಗೂ ವಾರ್ಡನ್ನರ ಕೇರಾಫ್ ಕಾಗದ ಬರುತ್ತಿತ್ತಲ್ಲ, ಹಾಗೆ. ಅಹಮದಾಬಾದಿನ ಬಾಂಬ್ ಸ್ಫೋಟದ ಕಥೆಯನ್ನೂ ಹೇಳಿದ. 2008ರ ಜುಲೈನಲ್ಲಿ ಸ್ಫೋಟಕ್ಕೆ ಸ್ವಲ್ಪ ಮುಂಚೆ ಬಂದ ಬೆದರಿಕೆಯ ಇ-ಮೇಲಿನ ಜಾಡು ಹಿಡಿದು ಹೋದ ಪೊಲೀಸರು ನಿಂತದ್ದು ನವಿ ಮುಂಬೈನಲ್ಲಿ ಬಾಡಿಗೆಗಿದ್ದ ಒಬ್ಬ ಅಮೆರಿಕದವರ ಬಾಗಿಲಲ್ಲಿ. ಅವರ ವೈಫೈಯನ್ನು ಬೇರೆ ಯಾರೋ ಬಳಸಿಕೊಂಡಿದ್ದರು. ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಮೇಷ್ಟ್ರ ಮೊಮ್ಮಗಳು ಹತ್ತು ವರ್ಷದ ಕೂಸು, ಅವಳೇನೋ ಏನೂ ಮಾಡಲಾರಳು. ಆದರೆ ಬಾಯಿಂದ ಬಾಯಿಗೆ ಹೋದ ಪಾಸ್‌ವರ್ಡು ಬೀದಿ ಕೊನೆ ಮುಟ್ಟಲು ಎಷ್ಟು ಹೊತ್ತು ಬೇಕು ಹೇಳಿ?

ದಾರಿ ತೋರಿಸಿದವನೂ ಅವನೇ. ಇದೇ ಡಬ್ಬಿಯೊಳಗೆ ‘ಗೆಸ್ಟ್’ ಅಂತ ಒಂದು ಮೂಲೆಯಿದೆ. ಒತ್ತಿದರೆ ಅದೇ ಕನೆಕ್ಷನ್ನಿಗೆ ಇನ್ನೊಂದು ಹೆಸರು, ಇನ್ನೊಂದು ಪಾಸ್‌ವರ್ಡು. ಅಲ್ಲಿಗೆ ಬಂದವರಿಗೆ ನೆಟ್ಟು ಸಿಗುತ್ತದೆ, ನಮ್ಮ ಟಿವಿ, ಪ್ರಿಂಟರು, ಗೇಟಿನ ಕ್ಯಾಮೆರಾ ಕಾಣುವುದಿಲ್ಲ. ಬೇಡವಾದರೆ ಅದೊಂದನ್ನೇ ಆರಿಸಬಹುದು. ‘ಅಯ್ಯೋ, ಇದು ಜಗಲಿ ಕಣೋ!’ ಅಂದೆ. ನಮ್ಮಜ್ಜಿ ಮನೆಯಲ್ಲಿ ಇದ್ದದ್ದು ಇದೇ ಏರ್ಪಾಡಲ್ವಾ? ದಾರಿಹೋಕರೂ ಜಗಲಿಯಲ್ಲಿ ಕೂತು ನೀರು ಮಜ್ಜಿಗೆ ಕುಡಿದು ಹೋಗುವರು, ಯಾರೂ ಯಾರನ್ನೂ ಏಳಿ ಅನ್ನುತ್ತಿರಲಿಲ್ಲ. ಆದರೆ ಹೊಸಿಲು ದಾಟಿ ನಡುಮನೆಗೆ ಬರಲು ಸಲಿಗೆ ಬೇಕು, ಅಡುಗೆಮನೆಗೆ ಬರಲು ನೆಂಟಸ್ತನವೇ ಬೇಕು. ಗೆಸ್ಟಿಗೆ ‘ಜಗಲಿ’ ಅಂತಲೇ ಕನ್ನಡದಲ್ಲಿ ಹೆಸರಿಟ್ಟೆ. 12 ಬೈಟಿಗೆ ಮುಗಿಯಿತು, ಆರಾಮವಾಗಿ ಹಿಡಿಸಿತು.

ಅಲ್ಲಿಂದ ಮೇಷ್ಟ್ರು ನಮ್ಮ ಜಗಲಿಯ ಖಾಯಂ ಗಿರಾಕಿ. ಮೊಮ್ಮಗಳು ಅಪ್ಪ ಅಮ್ಮನ ಜೊತೆ ಬೇರೆ ಊರಿಗೆ ಹೋಗಿ ಎರಡು ವರ್ಷವಾಯಿತು, ಇವರು ಮಾತ್ರ ಬೆಳಿಗ್ಗೆ ಪ್ರವಚನ, ರಾತ್ರಿ ಹಳೇ ಸಿನಿಮಾ ಅಂತ ಕೂತಿದ್ದಾರೆ. ಏಳು ಗಂಟೆ ಮೇಲೆ ನಮ್ಮ ಟಿವಿ ಸ್ವಲ್ಪ ತಡವರಿಸುತ್ತದೆ. ನಮ್ಮೆಜಮಾನರು, ‘100 ಎಂಬಿ ಅಂತ ದುಡ್ಡು ಕಟ್ಟಿದ್ದೀವಿ, ಎಲ್ಲಿ ಹೋಯ್ತು?’ ಅಂತ ಗೊಣಗುತ್ತಾರೆ. ಅದೂ ಒಂದು ಮಜಾ. ಅವರು ಮಾರುವುದು ಬಿಟ್ಟಿನ ಲೆಕ್ಕದಲ್ಲಿ, ನಾವು ಫೈಲು ಅಳೆಯುವುದು ಬೈಟಿನ ಲೆಕ್ಕದಲ್ಲಿ. ನಾಲ್ಕು ಪಾವಿಗೆ ಒಂದು ಸೇರಾದರೆ ಎಂಟು ಬಿಟ್ಟಿಗೆ ಒಂದು ಬೈಟು. ಆ 100 ಇಳಿದು ಸೆಕೆಂಡಿಗೆ ಹನ್ನೆರಡೂವರೆ ಆಗುತ್ತದೆ, ಅದರಲ್ಲಿ ಎರಡು ಮನೆ. ಆದರೂ ಹಳೇ ಕಾಲದ ಡಯಲಪ್ಪಿನ 56 ಕಿಲೋಬಿಟ್ಟಿಗೆ ಹೋಲಿಸಿದರೆ ಇದು 1,800 ಪಟ್ಟು ಹತ್ತಿರ ಹತ್ತಿರ. ಆಗ ನೆಟ್ಟಿಗೂ ಫೋನಿಗೂ ಒಂದೇ ತಂತಿ. ಅಕ್ಕನ ಮನೆಯಲ್ಲಿ ಕೀಂಯ್ ಕೊರ್ರ್ ಅಂತ ಕೂಗಿ ಕೂಗಿ ಕನೆಕ್ಟ್ ಆಗುವಷ್ಟರಲ್ಲಿ ಭಾವ ಒಳಗಿನ ಕೋಣೆಯಲ್ಲಿ ರಿಸೀವರ್ ಎತ್ತಿಬಿಡುತ್ತಿದ್ದರು. ಹಂಚಿಕೊಳ್ಳುವ ಕಷ್ಟ ಅಂದರೆ ಅದು. ಇದೇನು ಮಹಾ!

ಮೊನ್ನೆ ಸಂಜೆ ಐದಕ್ಕೆ ಕೆಂಪು ಆರಿ ಹಸಿರು ಹತ್ತಿತು. ನಾನು ಕಾಂಪೌಂಡಿನ ಹತ್ತಿರ ಹೋಗಿ ‘ಬಂತು ಮೇಷ್ಟ್ರೇ!’ ಅಂತ ಕೂಗಿದೆ. ಹಿಂದೆ ಅವರು ‘ನಿಮಗೆ ಫೋನು’ ಅಂತ ಕೂಗುತ್ತಿದ್ದದ್ದೂ ಅದೇ ಜಾಗದಿಂದಲೇ.

ಸರಿ, ನಾನು ಇನ್ನು ಒಳಗೆ ಹೋಗ್ತೀನಿ, ಕುಕ್ಕರ್ ಮೂರನೇ ಸೀಟಿ ಹಾಕಿತು. ನೀವೂ ಹೋದ ಕೂಡಲೇ ನಿಮ್ಮ ಡಬ್ಬಿ ಮಗುಚಿ ನೋಡಿ. ಅಡಿಯ ಚೀಟಿಯಲ್ಲಿರುವ ಪಾಸ್‌ವರ್ಡೇ ಇನ್ನೂ ನಡೆಯುತ್ತಿದ್ದರೆ ಇವತ್ತೇ ಬದಲಾಯಿಸಿ, ಅಕ್ಕಪಕ್ಕದವರಿಗೆ ಅಂತ ಒಂದು ಜಗಲಿಯನ್ನೂ ಕಟ್ಟಿಸಿ. ನೆಟ್ಟು ಬೇಕಾದರೆ ನನ್ನನ್ನು ಧಾರಾಳವಾಗಿ ಕೇಳಿ, ಹುಳಿಪುಡಿ ಅಳತೆ ಮಾತ್ರ ಕೇಳಬೇಡಿ.